ಚೀಲದ ತಳಕ್ಕೆ ಕೈ ಹಾಕೋದು

ದೀಪಾವಳಿಗೆ ಬ್ಯಾಡಗಿಗೆ ಹೋದಾಗ ಮಾವನ ಮಗ ವಾದಕ್ಕೆ ನಿಂತ. ಮಗಳಿಗೆ ದಡಾರದ ಲಸಿಕೆ ಹಾಕಿಸಿಲ್ಲ. ಯಾಕೋ ಅಂದರೆ, "ವಿಜ್ಞಾನಿಗಳೆಲ್ಲ ಒಂದs ಮಾತು ಹೇಳಿದ್ರ ನಂಬಬೇಕೇನು? ನಿಮ್ಮ ಚಂಡೀಗಢದಾಗ ಏನಾತು?" ಅಂದ.

ಆ ಕತೆ ಅವನಿಗೆ ಹೇಳಿದವನೇ ನಾನು. ಚಂಡೀಗಢದ ಪಂಜಾಬ್ ವಿಶ್ವವಿದ್ಯಾಲಯದ ವಿ.ಜೆ. ಗುಪ್ತಾ ಎರಡು ದಶಕಕ್ಕೂ ಜಾಸ್ತಿ ಹಿಮಾಲಯದ ಪಳೆಯುಳಿಕೆಗಳ ಬಗ್ಗೆ ರಾಶಿಗಟ್ಟಲೆ ಬರೆದರು. ಆಸ್ಟ್ರೇಲಿಯಾದ ವಿಜ್ಞಾನಿ ಜಾನ್ ಟ್ಯಾಲೆಂಟ್ ಆ ಕಲ್ಲುಗಳನ್ನೇ ಹಿಡಿದು ಕೂತರು. ಹಿಮಾಲಯದ್ದು ಅಂದಿದ್ದು ಕೆಲವು ಮೊರಾಕ್ಕೊದ್ದು, ಕೆಲವು ನ್ಯೂಯಾರ್ಕ್ ರಾಜ್ಯದ ಹಳ್ಳವೊಂದರದ್ದು! 1989ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಎಲ್ಲ ಬಯಲಾಯಿತು.

ಇದು ಚಂಡೀಗಢದಲ್ಲಿ ಆಗಿದ್ದು ನನಗೆ ವಿಚಿತ್ರ ಅನಿಸಲ್ಲ. ಎರಡು ರಾಜ್ಯಗಳ ರಾಜಧಾನಿ, ಕಾಗದದ ಊರು. ಸೀಲು ಬಿತ್ತು ಅಂದರೆ ಮುಗೀತು. ಬ್ಯಾಡಗಿ ಹಾಗಲ್ಲ. ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಮಾವನ ಮಗನನ್ನು ನೋಡಬೇಕು. ಚೀಲದ ಬಾಯಲ್ಲಿ ಕೆಂಪಗೆ ಹೊಳೆಯೋ ಕಾಯಿಯನ್ನು ಮುಟ್ಟೋದೂ ಇಲ್ಲ. ತೋಳು ಪೂರ್ತಿ ಒಳಗೆ ಇಳಿಸಿ ತಳದಿಂದ ಒಂದು ಹಿಡಿ ತೆಗೀತಾನೆ. ಬಣ್ಣ ಹೋದ ಬಿಳಿಗಾಯಿ ಎಷ್ಟಿದೆ ನೋಡ್ತಾನೆ. ಒಂದು ಕಡ್ಡಿ ಮೆಣಸಿನಕಾಯಿ ಬಾಗಿಸ್ತಾನೆ. ಮುರಿಯದೆ ಬಾಗಿತು ಅಂದರೆ ತೇವ ಇದೆ, ತೂಕ ಹೆಚ್ಚಿಸೋಕೆ ನೀರು ಹೊಡೆದಿರಬಹುದು. ಹಾಗಂತ ಆ ದಿನ ಮಾರುಕಟ್ಟೆ ಬಿಟ್ಟು ಬರಲ್ಲ. ಪಕ್ಕದ ಚೀಲಕ್ಕೆ ಕೈ ಹಾಕ್ತಾನೆ.

ಅದೇ ಮನುಷ್ಯ ಲಸಿಕೆ ವಿಷಯದಲ್ಲಿ ಬಾಯಿ ಬಿಚ್ಚಿದ ಮೊದಲ ಚೀಲವನ್ನೇ ಕೊಂಡಿದ್ದ. "ಲಸಿಕೆ ಹಾಕಿದ್ರ ಆಟಿಸಂ ಬರ್ತದಂತ." ಈ ಮಾತು ಹಬ್ಬಿದ್ದು 1998ರಲ್ಲಿ ಬ್ರಿಟನ್ನಿನ ವೈದ್ಯ ಆ್ಯಂಡ್ರೂ ವೇಕ್‌ಫೀಲ್ಡ್ 'ಲ್ಯಾನ್ಸೆಟ್' ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾ ಮೂರಕ್ಕೂ ಸೇರಿದ) ಲಸಿಕೆ ಬಗ್ಗೆ ಬರೆದ ಪ್ರಬಂಧದಿಂದ. ನೋಡಿದ್ದು ಬರೀ 12 ಮಕ್ಕಳನ್ನು. ಲಸಿಕೆ ಕಂಪನಿಗಳ ಮೇಲೆ ಕೇಸು ಹಾಕೋ ವಕೀಲರಿಂದ ಅವರಿಗೆ ದುಡ್ಡು ಬಂದಿತ್ತು. ಬ್ರಯನ್ ಡೀರ್ ಅನ್ನೋ ಪತ್ರಕರ್ತ ಮಕ್ಕಳ ದಾಖಲೆ ತಾಳೆ ನೋಡಿದಾಗ ಪ್ರಬಂಧಕ್ಕೂ ಅದಕ್ಕೂ ಹೊಂದಲಿಲ್ಲ. 2010ರಲ್ಲಿ ಪತ್ರಿಕೆ ಅದನ್ನು ವಾಪಸ್ ಪಡೆಯಿತು. ಅಂದರೆ ವಂಚನೆಗೆ ಹೆದರಿದವನು ವಂಚನೆಯನ್ನೇ ನಂಬಿ ಕೂತಿದ್ದ.

ಅವನು ಅಷ್ಟಕ್ಕೆ ಬಿಡಲಿಲ್ಲ. "ಸರಕಾರ ಒತ್ತಿ ಹೇಳಿಸಿದ್ರ?" ಅಂದ. ಒಳ್ಳೆ ಪ್ರಶ್ನೆ. ರಷ್ಯಾದಲ್ಲಿ ಆಗಿದೆ. ಲೋಕವೆಲ್ಲ ಸುತ್ತಿ ಬೀಜ ಕೂಡಿಟ್ಟ ಸಸ್ಯವಿಜ್ಞಾನಿ ವಾವಿಲೋವ್ 1943ರಲ್ಲಿ ಜೈಲಲ್ಲೇ ಸತ್ತರು. 1948ರಲ್ಲಿ ಸ್ಟಾಲಿನ್ ಬೆಂಬಲದಿಂದ, ತಳಿವಿಜ್ಞಾನವನ್ನೇ ತಳ್ಳಿಹಾಕಿದ ಲೈಸೆಂಕೊ ಹೇಳಿದ್ದೇ ವಿಜ್ಞಾನ ಆಯಿತು. ಆದರೆ ಆ ಒಮ್ಮತ ಕಮ್ಯುನಿಸ್ಟ್ ದೇಶಗಳ ಗಡಿ ದಾಟಿದರೆ ನಿಲ್ಲುತ್ತಿರಲಿಲ್ಲ. ದಡಾರದ ಲಸಿಕೆಯನ್ನು ಅಮೆರಿಕವೂ ಹಾಕುತ್ತೆ, ಕ್ಯೂಬಾನೂ ಹಾಕುತ್ತೆ, ಇರಾನೂ ಹಾಕುತ್ತೆ. ಇವರನ್ನೆಲ್ಲ ಕೂಡಿಸಿ ಸುಳ್ಳು ಹೇಳಿಸೋರು ಯಾರು?

ಚಂಡೀಗಢಕ್ಕೆ ವಾಪಸ್ ಬಂದು ಅವನಿಗೆ 2019ರ ಡೆನ್ಮಾರ್ಕಿನ ಅಧ್ಯಯನ ಕಳಿಸಿದೆ. 6,57,461 ಮಕ್ಕಳು. ಎಂಎಂಆರ್‌ಗೂ ಆಟಿಸಂಗೂ ನಂಟು ಸಿಗಲಿಲ್ಲ. ಎರಡು ದಿನ ಸುದ್ದಿಯಿಲ್ಲ. ಆಮೇಲೆ ಮೆಸೇಜು: "ರೊಕ್ಕ ಕೊಟ್ಟವ್ರು ಯಾರು?"

ನೋವೊ ನಾರ್ಡಿಸ್ಕ್ ಫೌಂಡೇಶನ್, ಡೆನ್ಮಾರ್ಕಿನ ಆರೋಗ್ಯ ಸಚಿವಾಲಯ ಅಂತ ಬರೆದೆ.

"ಆ ಕಂಪನಿಯವ್ರು ಏನು ಮಾರ್ತಾರ?"

ಇನ್ಸುಲಿನ್ ಅಂದೆ. ಈಗ ತಳದ ಹಿಡಿ ತೆಗೀತಿದ್ದಾನೆ.