ನಮ್ಮ ಮೇಳಕ್ಕೆ ಪತ್ತನಾಜೆ ಇಲ್ಲ

ನಮ್ಮೂರಲ್ಲಿ ಟೂರ್ ಅಂದರೆ ಜನರಿಗೆ ಗೊತ್ತಿರುವುದು ಎರಡೇ. ಒಂದು, ಎಂಟನೇ ಕ್ಲಾಸಿನಲ್ಲಿ ಚಿತ್ರಾನ್ನ ಕಟ್ಟಿಕೊಂಡು ಬೇಲೂರು, ಹಳೇಬೀಡಿಗೆ ಹೊರಟು, ಘಾಟಿಯಲ್ಲಿ ಆ ಚಿತ್ರಾನ್ನವನ್ನು ಕಿಟಕಿಯ ಹೊರಗೆ ಬಿಟ್ಟು ಬಂದದ್ದು. ಇನ್ನೊಂದು, ರಿಟೈರ್ ಆದ ಮೇಲೆ ಕಾಶಿ. ನಾನು ಎರಡಕ್ಕೂ ಸೇರದವ. ಮಂಗಳೂರಿನ ಕದ್ರಿಯಲ್ಲಿ ನಮ್ಮ ಮನೆ ಹತ್ತಿರದ ಅಂಗಡಿಯವರು "ಎಂತ, ಹತ್ತು ಹನ್ನೊಂದು ದಿನ ಕಾಣ್ಲಿಕ್ಕೇ ಇಲ್ಲ?" ಅಂತ ಕೇಳುತ್ತಾರೆ. "ಟೂರ್ ಇತ್ತು" ಅಂದರೆ ಸಾಕು, ಮುಖ ಅರಳುತ್ತದೆ. "ನಿಮಗೇನು ಮಾರಾಯ್ರೇ, ಮಜಾ!"

ನಾನು ಒಂದು ರಾಕ್ ಬ್ಯಾಂಡಿನಲ್ಲಿ ಗಿಟಾರ್ ನುಡಿಸುತ್ತೇನೆ. ನಾಲ್ಕು ಜನ ಇದ್ದೇವೆ. ಬ್ಯಾಂಡಿನ ಹೆಸರು ಇಲ್ಲಿ ಬೇಡ. ನಮಗೆ ದುಡ್ಡು ಬಾಕಿ ಇಟ್ಟವರು ಓದಿದರೆ ಹುಷಾರಾಗಿಬಿಡುತ್ತಾರೆ. ಮಂಗಳೂರಲ್ಲಿ ಬ್ಯಾಂಡ್ ಅಂದ ಕೂಡಲೇ ಎಲ್ಲರೂ ಕೇಳುವುದು, "ಕ್ರಿಶ್ಚಿಯನ್ ಮದುವೆಗೆ ಬಾರಿಸುವವರಾ?" ಹೌದು, ಅದನ್ನೂ ಮಾಡುತ್ತೇವೆ. ಮದುವೆಯ ಮುನ್ನಾದಿನದ ರೋಸ್ ಶಾಸ್ತ್ರಕ್ಕೆ, ರಿಸೆಪ್ಶನ್‌ಗೆ ಹೋಗಿ ಕೊಂಕಣಿ ಬೈಲಾ ನುಡಿಸುತ್ತೇವೆ. ಅಜ್ಜಿಯಂದಿರು ಮಂಡಿನೋವು ಮರೆತು ಕುಣಿಯುತ್ತಾರೆ, ಒಳ್ಳೆ ಊಟ ಹಾಕುತ್ತಾರೆ, ದುಡ್ಡೂ ಸರಿಯಾಗಿ ಕೊಡುತ್ತಾರೆ. ಆ ದುಡ್ಡನ್ನು ಜೋಪಾನವಾಗಿ ಕೂಡಿಟ್ಟು, ವರ್ಷಕ್ಕೆರಡು ಸಲ ನಮ್ಮದೇ ಹಾಡುಗಳನ್ನು ಹಿಡಿದುಕೊಂಡು ಟೂರ್ ಹೋಗಿ ಕಳೆದುಕೊಂಡು ಬರುತ್ತೇವೆ.

ಕಳೆದ ಫೆಬ್ರುವರಿಯಲ್ಲಿ ಹೋದದ್ದು ಬೆಂಗಳೂರು, ಪುಣೆ, ಮುಂಬೈ, ಗೋವಾ. ಹನ್ನೊಂದು ದಿನ, ಐದು ಕಾರ್ಯಕ್ರಮ, ಒಂದು ಬಾಡಿಗೆ ಟೆಂಪೋ ಟ್ರಾವೆಲರ್. ಬೆಂಗಳೂರಿಗೆ ಇಲ್ಲಿಂದ ಸುಮಾರು 350 ಕಿಲೋಮೀಟರ್. ನಾಲ್ಕು ಜನರ ಹತ್ತಿರ ಇದ್ದ ಮಾತೆಲ್ಲ ಶಿರಾಡಿ ಘಾಟಿ ಹತ್ತುವುದರೊಳಗೆ ಖಾಲಿಯಾಯಿತು. ಹಾಸನ ಬರುವಾಗ ಡ್ರಮ್ಮರ್ ತನ್ನ ಹಲ್ಲುನೋವಿನ ಕಥೆಯನ್ನು ಎರಡನೇ ಸಲ ಹೇಳುತ್ತಿದ್ದ. ಇನ್ನೂ ಹತ್ತೂವರೆ ದಿನ ಇತ್ತು.

ಹಾಸನ ದಾಟಿ ಎಲ್ಲೋ ಒಂದು ಚೆಕ್‌ಪೋಸ್ಟಿನಲ್ಲಿ ಗಾಡಿ ನಿಲ್ಲಿಸಿದರು. ಡಿಕ್ಕಿ ತೆಗೆಸಿದರು. ಒಬ್ಬ ಪೊಲೀಸಪ್ಪ ಟಾರ್ಚ್ ಬಿಟ್ಟು ದುಂಡಗಿನ ಬ್ಯಾಗಿನ ಜಿಪ್ ಎಳೆದರೆ ಒಳಗೆ ಡ್ರಮ್ಮಿನ ಸಿಂಬಲ್‌ಗಳು. ಒಂದರ ಮೇಲೊಂದು ಐದು, ಹಳದಿ ಬಣ್ಣ, ನಡುವೆ ಉಬ್ಬು. ಬೆರಳಲ್ಲಿ ತಟ್ಟಿ ನೋಡಿದರು. "ಕ್ಯಾಟರಿಂಗ್‌ನವ್ರಾ?" ಅಂತ ಕೇಳಿದರು. ನಮ್ಮ ಡ್ರಮ್ಮರ್ ಒಂದು ಕ್ಷಣವೂ ಯೋಚನೆ ಮಾಡಲಿಲ್ಲ. "ಹೌದು ಸಾರ್." ರಾತ್ರಿ ಒಂದೂವರೆಗೆ ರಾಕ್ ಸಂಗೀತ ಅಂದರೇನು ಅಂತ ವಿವರಿಸುವುದಕ್ಕಿಂತ ಅದು ಸುಲಭ, ನಿಜ. ಆದರೆ ಪೊಲೀಸಪ್ಪನಿಗೆ ಅಕ್ಕನ ಮಗಳ ಮದುವೆ ಇತ್ತು. ಎಲೆಗೆ ಎಷ್ಟು, ಸ್ವೀಟ್ ಎರಡು ಹಾಕಿದರೆ ಎಷ್ಟು, ನೀರುದೋಸೆ ಬಿಸಿಬಿಸಿ ಕೊಡ್ತೀರಾ? ಡ್ರಮ್ಮರ್ ಹತ್ತು ನಿಮಿಷ ರೇಟು ಹೇಳಿದ, ಎಂಟುನೂರು ಜನರ ಮೇಲಾದರೆ ಸ್ವಲ್ಪ ಕಡಿಮೆ ಮಾಡುವುದಾಗಿಯೂ ಹೇಳಿದ. ನಂಬರ್ ಕೊಟ್ಟು ಬಂದ. ಏಪ್ರಿಲ್‌ವರೆಗೂ ಫೋನ್ ಬರುತ್ತಿತ್ತು.

ಟೂರಿನಲ್ಲಿ ಸಂಗೀತ ಎಷ್ಟು ಅಂತ ನಾನು ಒಂದು ಸಲ ಲೆಕ್ಕ ಹಾಕಿದೆ. ಹನ್ನೊಂದು ದಿನ ಅಂದರೆ 264 ಗಂಟೆ. ಐದು ಕಾರ್ಯಕ್ರಮ, ಒಂದೊಂದು 45 ನಿಮಿಷ. ಅಂದರೆ ಮೂರು ಮುಕ್ಕಾಲು ಗಂಟೆ. ಮಿಕ್ಕ 260 ಕಾಲು ಗಂಟೆ ಕಾಯುವುದು. ಸೌಂಡ್ ಚೆಕ್‌ಗೆ ಮಧ್ಯಾಹ್ನ ಎರಡಕ್ಕೆ ಬನ್ನಿ ಅನ್ನುತ್ತಾರೆ. ಹೋದರೆ ಸ್ಟೇಜಿನ ಪೈಪುಗಳು ಆಗಷ್ಟೇ ಲಾರಿಯಿಂದ ಇಳಿಯುತ್ತಿರುತ್ತವೆ. ರೋಲಿಂಗ್ ಸ್ಟೋನ್ಸ್‌ನ ಡ್ರಮ್ಮರ್ ಚಾರ್ಲಿ ವಾಟ್ಸ್ ಹತ್ತಿರ ಬ್ಯಾಂಡಿಗೆ 25 ವರ್ಷ ಆದಾಗ ಹೇಗನಿಸುತ್ತದೆ ಅಂತ ಕೇಳಿದರಂತೆ. ಐದು ವರ್ಷ ಕೆಲಸ, ಇಪ್ಪತ್ತು ವರ್ಷ ಸುಮ್ನೆ ಅಲ್ಲಿ ಇಲ್ಲಿ ಕೂತದ್ದು ಅಂದನಂತೆ. ಪುಣ್ಯವಂತ. ನಾಲ್ಕಕ್ಕೆ ಒಂದು ಲೆಕ್ಕ ಬಿತ್ತು ಅವನಿಗೆ.

ದೊಡ್ಡ ಬ್ಯಾಂಡಿನವರು ಕರಾರಿನ ಜೊತೆ ತಮಗೆ ಏನೇನು ಬೇಕು ಅಂತ ಪಟ್ಟಿ ಕಳಿಸುತ್ತಾರೆ. ರೈಡರ್ ಅಂತ ಅದಕ್ಕೆ ಹೆಸರು. ವ್ಯಾನ್ ಹೇಲನ್ ಅಂತ ಅಮೆರಿಕದ ಬ್ಯಾಂಡು 1982ರ ಟೂರಿನ ಪಟ್ಟಿಯಲ್ಲಿ ಒಂದು ಬಟ್ಟಲು ಎಂ ಅಂಡ್ ಎಂ ಚಾಕೊಲೇಟ್ ಗೋಲಿ ಇಡಬೇಕು, ಅದರಲ್ಲಿ ಕಂದು ಬಣ್ಣದ್ದು ಒಂದೂ ಇರಬಾರದು ಅಂತ ಬರೆದಿತ್ತು. ಎಂಥ ಅಹಂಕಾರ ಅಂತ ಜನ ಬೈದರು. ಅದು ಅಹಂಕಾರ ಅಲ್ಲ, ಪರೀಕ್ಷೆ ಅಂತ ಅವರ ಗಾಯಕ ಡೇವಿಡ್ ಲೀ ರಾತ್ ಆಮೇಲೆ ಬಿಡಿಸಿ ಹೇಳಿದ. ಬಟ್ಟಲಲ್ಲಿ ಕಂದು ಗೋಲಿ ಕಂಡರೆ ಇವರು ಕರಾರು ಓದಿಲ್ಲ ಅಂತ ಅರ್ಥ. ಹಾಗಿದ್ದರೆ ಸ್ಟೇಜು ಭಾರ ತಡೆಯುತ್ತದಾ, ವಯರಿಂಗ್ ಸರಿ ಉಂಟಾ, ಎಲ್ಲವನ್ನೂ ಮತ್ತೆ ನೋಡಬೇಕು.

ನನಗೆ ಇದು ತುಂಬಾ ಹಿಡಿಸಿತು. ನಾವೂ ಒಂದು ಸಾಲು ಸೇರಿಸಿದೆವು: "ರಾತ್ರಿ ಊಟಕ್ಕೆ ಕುಚ್ಚಲಕ್ಕಿ. ಬೆಳ್ತಿಗೆ ಅಕ್ಕಿ ಬೇಡ."

ಪುಣೆಯಲ್ಲಿ ಇಳಿದಾಗ ಕಾರ್ಯಕ್ರಮದ ಹುಡುಗ ಎರಡೂ ಕೈಯಲ್ಲಿ ಒಂದು ಚೀಲ ಎತ್ತಿಕೊಂಡು ಓಡಿ ಬಂದ. ಐದು ಕಿಲೋ ಕುಚ್ಚಲಕ್ಕಿ. ಹಸಿ. ಮೂರು ಮಲಯಾಳಿ ಅಂಗಡಿ ಸುತ್ತಿ ಹುಡುಕಿದನಂತೆ, ಪಾಪ. ಓದಿದ್ದಾನೆ, ತಂದಿದ್ದಾನೆ, ಬೇಯಿಸಬೇಕು ಅಂತ ಮಾತ್ರ ಎಲ್ಲೂ ಬರೆದಿರಲಿಲ್ಲ. ಅಲ್ಲಿಯ ಅರ್ಥಿಂಗ್ ವಯರೂ ಹಾಗೇ. ಸ್ಟೇಜಿನಿಂದ ಹಿತ್ತಿಲ ತನಕ ಚಂದಕ್ಕೆ ಎಳೆದಿದ್ದರು, ನೆಲಕ್ಕೆ ಸೇರಿಸಿರಲಿಲ್ಲ. ವ್ಯಾನ್ ಹೇಲನ್‌ನವರ ಪರೀಕ್ಷೆ ಎಷ್ಟು ಕರಾರುವಾಕ್ಕು ನೋಡಿ.

ಅರ್ಥಿಂಗ್ ಇಲ್ಲದಿದ್ದರೆ ಎರಡು ಆಗುತ್ತದೆ. ಒಂದು, ಗಿಟಾರ್ ಹಿಡಿದು ಹಾಡುವವನ ತುಟಿ ಮೈಕಿಗೆ ತಾಗಿದರೆ ಶಾಕ್ ಹೊಡೆಯುತ್ತದೆ. ನಮ್ಮ ಗಾಯಕ ಆ ದಿನ ಮೈಕಿನಿಂದ ಒಂದು ಗೇಣು ದೂರ ನಿಂತು, ನಾಯಿಗೆ ಬಿಸ್ಕೆಟ್ ತೋರಿಸುವವನ ಹಾಗೆ ಕತ್ತು ಚಾಚಿ ಹಾಡಿದ. ಹೊಸ ಸ್ಟೈಲ್ ಅಂತ ಜನ ಚಪ್ಪಾಳೆ ತಟ್ಟಿದರು. ಎರಡನೆಯದು, ಸ್ಪೀಕರಿನಲ್ಲಿ 'ಹೂಂ' ಅಂತ ಒಂದು ಶಬ್ದ ನಿಲ್ಲದೆ ಬರುತ್ತದೆ. ನಮ್ಮ ದೇಶದ ಕರೆಂಟು 50 ಹರ್ಟ್ಜ್. ತಗ್ಗಿನ ಜಿ ಸ್ವರ 49 ಹರ್ಟ್ಜ್. ಅಂದರೆ ಆ ಹೂಂಕಾರ ಜಿಗಿಂತ ಕೂದಲೆಳೆಯಷ್ಟೇ ಮೇಲೆ. "ಬ್ರೋ, ಅಡ್ಜಸ್ಟ್ ಮಾಡಿ" ಅಂತ ಸೌಂಡಿನವನು ಕೈ ಮುಗಿದ. ನಾವು ಗಿಟಾರುಗಳನ್ನು ಚೂರು ಏರಿಸಿ, ಎಲ್ಲ ಹಾಡುಗಳನ್ನೂ ಜಿಗೆ ತಂದು ನುಡಿಸಿದೆವು. ಆವತ್ತು ನಮಗೆ ಶ್ರುತಿ ಹಿಡಿದದ್ದು ಮಹಾರಾಷ್ಟ್ರದ ಕರೆಂಟು. ಅಕ್ಕಿಚೀಲವೂ ದಂಡ ಆಗಲಿಲ್ಲ. ಡ್ರಮ್ಮರ್ ಒದೆಯುವ ದೊಡ್ಡ ಡ್ರಮ್ಮು ಮುಂದಕ್ಕೆ ಜಾರುತ್ತಾ ಹೋಗುತ್ತದೆ. ಚೀಲವನ್ನು ಅದರ ಎದುರಿಗೆ ಒತ್ತಿ ಇಟ್ಟೆವು. ಮುಂಬೈಯಲ್ಲೂ ಗೋವಾದಲ್ಲೂ ನಮ್ಮ ತಾಳ ನಿಂತದ್ದು ಕುಚ್ಚಲಕ್ಕಿಯ ಮೇಲೆ.

ಗೋವಾದ ಮಾತು ಜಾಸ್ತಿ ಇಲ್ಲ. ನಮಗಿಂತ ಮೊದಲಿನವರು ಎಳೆದರು, ನಮ್ಮ ಎರಡನೇ ಹಾಡಿಗೆ ಹತ್ತು ಗಂಟೆ ಹೊಡೆಯಿತು. ರಾತ್ರಿ ಹತ್ತರ ಮೇಲೆ ಬಯಲಲ್ಲಿ ಧ್ವನಿವರ್ಧಕ ಹಾಕಬಾರದು ಅಂತ 2000ನೇ ಇಸವಿಯಿಂದ ನಿಯಮ ಉಂಟು. ಪ್ಲಗ್ ಕಿತ್ತರು. ಪೂರ್ತಿ ಒಂಬತ್ತು ನಿಮಿಷ ನುಡಿಸಲಿಕ್ಕೆ ಮುಂಬೈಯಿಂದ ರಾತ್ರಿಯೆಲ್ಲ ಕೂತು ಬಂದಿದ್ದೆವು.

ಇದೆಲ್ಲ ತಮಾಷೆ ಮಾಡಿ ಹೇಳಬಹುದು. ಹೇಳಲಿಕ್ಕೆ ಕಷ್ಟ ಆಗುವುದು ಕಾರ್ಯಕ್ರಮ ಮುಗಿದ ಮೇಲಿನದ್ದು. ಹನ್ನೊಂದು ಗಂಟೆಗೆ ಮುನ್ನೂರು ಜನ "ಒನ್ಸ್ ಮೋರ್" ಅಂತ ಕಿರುಚುತ್ತಿರುತ್ತಾರೆ. ಹನ್ನೆರಡಕ್ಕೆ "ಸೂಪರ್ ಬ್ರೋ" ಅಂತ ಹೆಗಲು ತಟ್ಟಿ ಒಬ್ಬೊಬ್ಬರೇ ಹೋಗುತ್ತಾರೆ. ಅವರೆಲ್ಲರಿಗೂ ಅದೇ ಊರಲ್ಲಿ ಮನೆ ಇರುತ್ತದೆ. ಒಂದೂವರೆಗೆ ನಾನು ಒಂದು ಲಾಡ್ಜಿನ ಮಂಚದ ಮೇಲೆ ಇರುತ್ತೇನೆ. ಕಿವಿಯಲ್ಲಿ 'ಗುಂಯ್' ಅನ್ನುತ್ತಿರುತ್ತದೆ. ಟ್ಯೂಬ್‌ಲೈಟಿನ ಹಿಂದೆ ಹಲ್ಲಿ. ಒಂದು ರೂಮಿನಲ್ಲಿ ನಾಲ್ಕು ಜನ, ನಾಲ್ಕು ಗೋಡೆ, ಒಬ್ಬೊಬ್ಬನ ಮುಖ ಒಂದೊಂದು ಗೋಡೆಗೆ. ಡ್ರಮ್ಮರ್ ನಿದ್ದೆಯಲ್ಲೂ ತೊಡೆ ಮೇಲೆ ತಾಳ ಹಾಕುತ್ತಿರುತ್ತಾನೆ. ಅಮ್ಮನಿಗೆ ಫೋನ್ ಮಾಡುವ ಹೊತ್ತಲ್ಲ. ಅವಳು ಎಂಟಕ್ಕೇ ಮಾಡಿ "ಊಟ ಆಯ್ತಾ?" ಅಂತ ಕೇಳಿರುತ್ತಾಳೆ, ನಾನು ಸುಳ್ಳು ಹೇಳಿರುತ್ತೇನೆ.

ಮುಂಬೈಯಲ್ಲಿ ಅಂಥದ್ದೇ ರಾತ್ರಿ ವಾಟ್ಸಾಪ್ ತೆಗೆದೆ. ಮಂಗಳೂರಲ್ಲಿ ಚಿಕ್ಕಮ್ಮನ ಮಗಳ ಮೆಹೆಂದಿ. ಕುಟುಂಬದ ಗ್ರೂಪಿನಲ್ಲಿ 84 ಫೋಟೋ, ಆರು ವಿಡಿಯೋ. ಎಲ್ಲರೂ ಕುಣಿಯುತ್ತಿದ್ದಾರೆ, ಗಡ್‌ಬಡ್ ಐಸ್‌ಕ್ರೀಮ್ ತಿನ್ನುತ್ತಿದ್ದಾರೆ. ಸ್ಟೇಜಿನಲ್ಲಿ ಬೇರೆ ಯಾವುದೋ ಬ್ಯಾಂಡು. ಆಗಲಿ ಬಿಡಿ ಅಂದುಕೊಂಡೆ. ವಿಡಿಯೋ ದೊಡ್ಡದು ಮಾಡಿ ನೋಡಿದರೆ ಆ ಗಿಟಾರಿನವನು ನುಡಿಸುತ್ತಿದ್ದದ್ದು ನನ್ನ ಆಂಪ್ಲಿಫಯರಿನಲ್ಲಿ. ಎರಡು ದಿನಕ್ಕೆ ಬೇಕು ಅಂತ ಡಿಸೆಂಬರಿನಲ್ಲಿ ತೆಗೆದುಕೊಂಡು ಹೋದವ! ನನ್ನ ಆಂಪ್ಲಿಫಯರಿಗೂ ಊಟ ಆಗಿದೆ, ನನಗಿಲ್ಲ.

ಊರಿಗೆ ಬಂದ ಮರುದಿನ ಅಮ್ಮ ಪುಣೆಯ ಅಕ್ಕಿಯಲ್ಲಿ ಗಂಜಿ ಮಾಡಿದಳು. ಉಂಡು, ಹಿತ್ತಿಲಾಚೆ ಮಾವನ ಮನೆಗೆ ಹೋದೆ. ಮಾವ ಅಂದರೆ ಅಮ್ಮನ ಅಣ್ಣ. ತೆಂಕುತಿಟ್ಟಿನ ಯಕ್ಷಗಾನ ಮೇಳದಲ್ಲಿ ಮೂವತ್ತೆರಡು ವರ್ಷ ಚೆಂಡೆ ಬಾರಿಸಿದವರು. ಜಗಲಿಯಲ್ಲಿ ಕಣ್ಣು ಮುಚ್ಚಿ ಕೂತಿದ್ದರು. ದೂರದಲ್ಲಿ ಎಲ್ಲೋ ಬಯಲಾಟ, ಗಾಳಿ ಬೀಸಿದಾಗ ಚೆಂಡೆ ಕೇಳುತ್ತಿತ್ತು.

"ಎಡಗೈ ಸರಿ ಬೀಳ್ತಾ ಇಲ್ಲ ಅವನದ್ದು," ಅಂದರು. ಆಮೇಲೆ ನನ್ನನ್ನು ನೋಡಿದರು. "ಎಂತ ಮುಖ ಹಾಗೆ?"

ನಾನು ಎಲ್ಲ ಹೇಳಿದೆ. ಬಸ್ಸು, ಲಾಡ್ಜು, ಹಲ್ಲಿ, ಒಂಬತ್ತು ನಿಮಿಷ. ಯಾರಿಗೂ ನಮ್ಮ ಕಷ್ಟ ಗೊತ್ತಾಗುವುದಿಲ್ಲ ಅಂತಲೂ ಹೇಳಿದೆ ಅಂತ ಕಾಣುತ್ತದೆ.

"ಎಷ್ಟು ದಿನ ಆಯಿತು ಹೋಗಿ?"

"ಹನ್ನೊಂದು."

ಮಾವ ನಗಲಿಲ್ಲ. ಬಾಯಲ್ಲಿದ್ದ ವೀಳ್ಯ ಉಗಿಯಲಿಕ್ಕೆ ಎದ್ದು ಹೋದರು, ತೋಟದ ಕತ್ತಲೆಯಲ್ಲಿ ನಿಂತು ನಕ್ಕರು. ನನಗೆ ಕೇಳಿಸಿತು.

ದೀಪಾವಳಿ ಕಳೆದ ಮೇಲೆ ಮೇಳ ಹೊರಟರೆ ಮೇ ತಿಂಗಳಲ್ಲಿ ತಿರುಗಾಟ ಮುಗಿಯುವ ಪತ್ತನಾಜೆ ತನಕ ದಿನಾ ಒಂದು ಊರು. ಆಗ ಈಗಿನ ಹಾಗೆ ಮಧ್ಯರಾತ್ರಿಗೆ ಮುಗಿಸುವ ಕಾಲಮಿತಿ ಆಟ ಇರಲಿಲ್ಲ, ಸೂರ್ಯ ಹುಟ್ಟುವ ತನಕ ಆಟ. ಬೆಳಿಗ್ಗೆ ಗಾಡಿ ಹತ್ತಿ ಇನ್ನೊಂದು ಊರು, ವೇಷ ಕಟ್ಟುವ ಚೌಕಿಯಲ್ಲಿ ಪೆಟ್ಟಿಗೆಯ ಪಕ್ಕ ಚಾಪೆ, ಹಗಲು ನಿದ್ದೆ. "ನಮ್ಮ ಸಣ್ಣವ ನಡೆಯಲಿಕ್ಕೆ ಕಲಿತದ್ದು ನಾನು ಇಲ್ಲದಾಗ. ಮಾತು ಕಲಿತದ್ದೂ. ಪತ್ತನಾಜೆಗೆ ಬಂದರೆ ನನ್ನನ್ನು ನೋಡಿ ಬಾಗಿಲ ಹಿಂದೆ ಹೋದ."

"ನಿದ್ದೆ ಬಾರದಿದ್ದರೆ ಎಂತ ಮಾಡ್ತಿದ್ರಿ ಮಾವ?"

"ಚೆಂಡೆ ಬಿಗಿಯುವುದು. ಹಗ್ಗ ಸಡಿಲ ಮಾಡುವುದು, ಮತ್ತೆ ಬಿಗಿಯುವುದು."

ನಾನು ಮಾತಾಡಲಿಲ್ಲ. ಮುಂಬೈಯ ಆ ರಾತ್ರಿ ನಾನೂ ಎದ್ದು ಕೂತು ಗಿಟಾರಿನ ಆರೂ ತಂತಿ ಬದಲಿಸಿದ್ದೆ. ಹಳೆಯವು ಚೆನ್ನಾಗಿಯೇ ಇದ್ದವು.

"ನಿಮಗೆ ಪತ್ತನಾಜೆ ಯಾವಾಗ?" ಅಂತ ಮಾವ ಕೇಳಿದರು. ಅದೇ ನಮ್ಮ ತೊಂದರೆ. ಮೇಳದವರಿಗೆ ಗೆಜ್ಜೆ ಬಿಚ್ಚುವ ದಿನ ಅಂತ ಒಂದು ಕ್ಯಾಲೆಂಡರಿನಲ್ಲೇ ಉಂಟು. ರಾಕ್‌ನವರಿಗೆ ಇಲ್ಲ, ತಾವೇ ಮಾಡಿಕೊಳ್ಳಬೇಕು. ಬೀಟಲ್ಸ್‌ನವರು 1966ರ ಆಗಸ್ಟ್ 29ಕ್ಕೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಟೂರಿನ ಗೆಜ್ಜೆ ಬಿಚ್ಚಿದರು. ಜನರ ಕಿರುಚಾಟದಲ್ಲಿ ಅವರಿಗೆ ತಮ್ಮ ಹಾಡೇ ಕೇಳುತ್ತಿರಲಿಲ್ಲವಂತೆ. ಬಾಬ್ ಡಿಲನ್ 1988ರಲ್ಲಿ ಹೊರಡಿಸಿದ ಮೇಳ, ಕೊರೋನಾ ಬಂದಾಗ ನಿಂತದ್ದು ಬಿಟ್ಟರೆ, ತಿರುಗುತ್ತಲೇ ಬಂತು. ಇದನ್ನು ಮಾವನಿಗೆ ಹೇಳಿದೆ. "ಅವನಿಗೆ ಎಷ್ಟು ಪ್ರಾಯ?" ಅಂದರು. "ಎಂಬತ್ತು ಕಳೆದಿದೆ." "ಮನೆಯಲ್ಲಿ ಯಾರೂ ಹೇಳುವವರಿಲ್ಲವಾ?"

ಮೊನ್ನೆ ಡಿಸೆಂಬರಿನಲ್ಲಿ ಮತ್ತೆ ಹೊರಟೆವು. ಪುಣೆಯೇ ಮೊದಲು. ಗಾಡಿ ಹತ್ತುವಾಗ ಮಾವ ಒಂದು ಬಾಟ್ಲಿ ತಂದು ಕೊಟ್ಟರು. ಮನೆಯದೇ ತೆಂಗಿನೆಣ್ಣೆ, ಮುಚ್ಚಳಕ್ಕೆ ಪ್ಲಾಸ್ಟಿಕ್ ಕಟ್ಟಿ ನೂಲು ಸುತ್ತಿತ್ತು. "ಇಷ್ಟುದ್ದ ಕೂದಲು ಬಿಟ್ಟಿದ್ದೀಯಲ್ಲ, ನಿದ್ದೆಗೆಡುವಾಗ ಉಷ್ಣ ಆಗ್ತದೆ. ತಲೆಗೆ ಹಾಕು."

ಬಾಟ್ಲಿಯನ್ನು ಗಿಟಾರಿನ ಪೆಡಲುಗಳ ಬ್ಯಾಗಿನಲ್ಲಿಟ್ಟೆ. ತಪ್ಪು ನನ್ನದೇ. ದಾರಿಯಲ್ಲಿ ಸೋರಿತು. ಸೋರಿದ್ದು ವಾ-ವಾ ಪೆಡಲಿನೊಳಗೆ. ಕಾಲಲ್ಲಿ ಮೆಟ್ಟಿ ಮೇಲೆ ಕೆಳಗೆ ಆಡಿಸಿದರೆ ಗಿಟಾರು ಮಗುವಿನ ಹಾಗೆ 'ವಾ ವಾ' ಅನ್ನುತ್ತದಲ್ಲ, ಅದು. ಮೂರು ವರ್ಷದಿಂದ ಅದರ ಹಲ್ಲುಚಕ್ರ ಹಳೆ ಬಾಗಿಲಿನ ಹಾಗೆ ಕಿರುಗುಟ್ಟುತ್ತಿತ್ತು. ಮಂಗಳೂರಲ್ಲಿ ತೆಂಗಿನೆಣ್ಣೆ ಗಟ್ಟಿಯಾಗುವುದನ್ನು ನಾವು ನೋಡುವುದೇ ಅಪರೂಪ. 24 ಡಿಗ್ರಿಗಿಂತ ಕೆಳಗೆ ಹೋದರೆ ಅದು ಹೆಪ್ಪುಗಟ್ಟುತ್ತದೆ. ಪುಣೆಯ ಡಿಸೆಂಬರ್ ರಾತ್ರಿ, ಬಯಲು ಸ್ಟೇಜು. ಪೆಡಲು ಅರ್ಧಕ್ಕೆ ಕಚ್ಚಿಕೊಂಡು ನಿಂತಿತು. ಬಿಳಿ ಬೆಣ್ಣೆಯ ಹಾಗೆ ಎಣ್ಣೆ ಸಂದಿಯಲ್ಲಿ ಕೂತಿತ್ತು. ನಮ್ಮ ಸರದಿಗೆ ಇಪ್ಪತ್ತು ನಿಮಿಷ. ಬಾಡಿಗೆಗೆ ತಂದ ವಾಲ್ವ್ ಆಂಪ್ಲಿಫಯರು ಕಾದು ದೋಸೆ ಹುಯ್ಯುವ ಹಾಗಿತ್ತು. ಪೆಡಲನ್ನು ಅದರ ತಲೆ ಮೇಲಿಟ್ಟು ಕಾದೆ. ನಿಧಾನಕ್ಕೆ ಕರಗಿತು. ಎರಡನೇ ಹಾಡಿನ ಹೊತ್ತಿಗೆ ಸ್ಟೇಜಿನ ತುಂಬಾ ಯಾರೋ ಹಪ್ಪಳ ಕರಿಯಲಿಕ್ಕೆ ಎಣ್ಣೆ ಇಟ್ಟ ಹಾಗೆ ಪರಿಮಳ. ಬೇಸ್ ನುಡಿಸುವವನು ನನ್ನ ಹತ್ತಿರ ಬಂದು ಹಸಿವಾಗುತ್ತದೆ ಅಂದ.

ರಾತ್ರಿ ಲಾಡ್ಜಿಗೆ ಬಂದು ಮಾವನಿಗೆ ಫೋನ್ ಮಾಡಿದೆ. ಗಂಟೆ ಒಂದೂವರೆ. ಮೇಳದವರಿಗೆ ಆ ಹೊತ್ತಿಗೆ ನಿದ್ದೆ ಬರುವುದಿಲ್ಲ ಅಂತ ಈಗ ಗೊತ್ತುಂಟು. ಎರಡನೇ ರಿಂಗಿಗೇ ಎತ್ತಿದರು.

"ಎಣ್ಣೆ ಹಾಕಿದಿಯಾ?"

"ಹಾಕಿದೆ ಮಾವ. ಕಿರುಗುಟ್ಟುವುದು ನಿಂತಿತು."

ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಒಳ್ಳೇದು," ಅಂದರು. "ನಮ್ಮ ಭಾಗವತರಿಗೂ ಹಾಗೇ ಆಗ್ತಿತ್ತು."