ಭಾವ, ಫ್ಯಾನು ಮತ್ತು ಮೊಲದ ತುಪ್ಪಳ

ಮಳೆಗಾಲದಲ್ಲಿ ತೀರ್ಥಹಳ್ಳಿ ಕಡೆ ಫ್ಯಾನು ತಿರುಗುವುದು ಸೆಕೆಗಲ್ಲ, ಬಟ್ಟೆಗೆ. ಪಂಚೆ, ಬನಿಯನ್ನು, ಮಕ್ಕಳ ಯೂನಿಫಾರ್ಮು ಎಲ್ಲ ನಡುಮನೆಯಲ್ಲೇ ನೇತಾಡುತ್ತವೆ. ಅದಕ್ಕೆ ನನ್ನ ಆಕ್ಷೇಪವಿಲ್ಲ. ತಕರಾರಿರುವುದು ನಮ್ಮ ಭಾವನ ಮೇಲೆ. ಯಾವ ಕೋಣೆಗೆ ಕಾಲಿಟ್ಟರೂ ಅವರ ಕೈ ಮೊದಲು ಹೋಗುವುದು ಸ್ವಿಚ್ಚಿಗೆ. ಸ್ವೆಟರು, ಮೇಲೊಂದು ಶಾಲು, ಕಿವಿಗೆ ಹತ್ತಿ, ತಲೆಯ ಮೇಲೆ ಐದರಲ್ಲಿ ಓಡುವ ಫ್ಯಾನು! ಕೇಳಿದರೆ, "ಗಾಳಿ ಆಡ್ಬೇಕಲ ಮಾರಾಯ" ಅನ್ನುತ್ತಾರೆ. ಹೊರಗೆ ಅಡಿಕೆ ಮರ ಬಾಗುವಷ್ಟು ಗಾಳಿ ಆಡುತ್ತಿರುತ್ತದೆ.

ನಿನ್ನೆ ನಾನು ಸಾಲ್ಮನ್ ಫ್ಲೈ ಕಟ್ಟುತ್ತ ಕೂತಿದ್ದೆ. ಸಾಲ್ಮನ್ ಎಂಬ ಮೀನು ಹಿಡಿಯಲು ಕೊಕ್ಕೆಗೆ ತುಪ್ಪಳ, ಗರಿ, ಜರಿ ಸುತ್ತಿ ಮಾಡುವ ಗಾಳದ ಹುಳ ಅದು. ತುಂಗೆಯಲ್ಲಿ ಸಾಲ್ಮನ್ ಎಲ್ಲಿ ಬಂತು ಎಂದು ಕೇಳಬೇಡಿ. ಇಲ್ಲಿ ಛಿಬ್ಬಲಗುಡ್ಡೆಯ ದೇವರ ಮೀನಿಗೆ ಮಂಡಕ್ಕಿ ಎಸೆಯಬಹುದು, ಗಾಳ ಎಸೆಯುವಂತಿಲ್ಲ. ಸ್ಕಾಟ್ಲೆಂಡಿನ ಬ್ರೋರಾದಲ್ಲಿ ಮೇಗನ್ ಬಾಯ್ಡ್ ಎಂಬಾಕೆ ಜೀವಮಾನವಿಡೀ ಈ ಹುಳ ಕಟ್ಟಿದರು, ರಾಜಮನೆತನಕ್ಕೂ ಕಟ್ಟಿಕೊಟ್ಟರು. ತಾವು ಮಾತ್ರ ಮೀನು ಹಿಡಿಯಲು ಹೋಗಲಿಲ್ಲ. ನನಗೆ ಅಷ್ಟು ಆಧಾರ ಸಾಕು.

ಕಾಡುಮೊಲ ಮುಟ್ಟಿದರೆ 1972ರ ವನ್ಯಜೀವಿ ಕಾಯ್ದೆ ಇದೆಯಲ್ಲ, ಹಾಗಾಗಿ ನನ್ನದು ಸಾಕಿದ ಮೊಲವನ್ನು ಬಾಚಿ ತೆಗೆದ ತುಪ್ಪಳ. ಮಳೆಗೆ ಬೂಸು ಹಿಡಿಯದಂತೆ ಬಚ್ಚಲೊಲೆಯ ಹತ್ತಿರ ಡಬ್ಬಿಯಲ್ಲಿಟ್ಟು ಕಾಪಾಡಿದ್ದು. ಅದರಲ್ಲಿ ಮೇಲಿನ ಒರಟು ಕೂದಲನ್ನೆಲ್ಲ ಆಯ್ದು ಬಿಸಾಕಬೇಕು. ಬೇಕಾದ್ದು ಬುಡದ ಮೆತ್ತನೆಯದು, ಉಸಿರು ಬಿಟ್ಟರೆ ಹಾರುವಂಥದ್ದು. ಮೇಣ ಹಚ್ಚಿದ ನೂಲಿಗೆ ಅದನ್ನು ತೆಳ್ಳಗೆ ಹರಡಿ, ಬೆರಳಲ್ಲಿ ಒಂದೇ ದಿಕ್ಕಿಗೆ ಹೊಸೆದು ಕೊಕ್ಕೆಗೆ ಸುತ್ತುವುದು. ಆಮೇಲೆ ಸೂಜಿಯಿಂದ ಸ್ವಲ್ಪ ಸ್ವಲ್ಪ ಎಬ್ಬಿಸಿದರೆ ನೀರಿನಲ್ಲಿ ಜೀವ ಇದ್ದ ಹಾಗೆ ಮಿಸುಕುತ್ತದೆ.

ಆಯ್ದು ಗುಡ್ಡೆ ಹಾಕಿ ಮುಗಿಸಿದ್ದೆ. ಭಾವ ಬಂದರು. ಟಕ್.

ತುಪ್ಪಳ ಎದ್ದಿತು. ಒದ್ದೆ ಪಂಚೆಗೆ ಮೆತ್ತಿತು, ಕಾಫಿಯಲ್ಲಿ ತೇಲಿತು, ಹಲಸಿನ ಹಪ್ಪಳದ ತಟ್ಟೆಗೆ ಇಳಿಯಿತು, ಮಿಕ್ಕಿದ್ದು ಭಾವನ ಮೀಸೆ ಸೇರಿತು. ಅವರು ಸೀನಿದರು. ಆ ಸೀನಿಗೆ ಡಬ್ಬಿಯಲ್ಲಿ ಉಳಿದಿದ್ದೂ ಎದ್ದಿತು. "ಎಂಥ ಧೂಳು ಮಾರಾಯ ನಿಮ್ಮನೇಲಿ, ಫ್ಯಾನು ಜೋರು ಮಾಡು" ಅಂದರು. ಅದಕ್ಕಿಂತ ಜೋರು ಆ ಫ್ಯಾನಿಗೇ ಗೊತ್ತಿರಲಿಲ್ಲ.

ಕರೆಂಟು ಹೋಗಲಿ ಎಂದು ಬೇಡಿಕೊಂಡೆ. ಹೋಯಿತು. ಫ್ಯಾನು ನಿಂತಿತು, ಆದರೆ ಕತ್ತಲಲ್ಲಿ ಬೂದು ಬಣ್ಣದ ತುಪ್ಪಳ ಯಾರಿಗೆ ಕಾಣುತ್ತದೆ?

ಅಮ್ಮ ಇದ್ದಾಗ ಇದೇ ನಡುಮನೆಯಲ್ಲಿ ಹೂಬತ್ತಿ ಹೊಸೆಯುತ್ತಿದ್ದಳು. ಹತ್ತಿ ಹಾರುತ್ತದೆಂದು ಆಗ ಯಾರೂ ಫ್ಯಾನು ಹಾಕುವಂತಿರಲಿಲ್ಲ. ಇದೇ ಭಾವ ಆಗ ಹೊಸ ಅಳಿಯ, ಬೆವರು ಒರೆಸಿಕೊಳ್ಳುತ್ತ ತೆಪ್ಪಗೆ ಕೂರುತ್ತಿದ್ದರು. ಅವಳದೊಂದು ನೋಟ ಸಾಕಿತ್ತು. ನನಗೆ ಆ ನೋಟ ಬರುವುದಿಲ್ಲ.

ಬ್ಯಾಟರಿ ಬೆಳಕಲ್ಲಿ ಭಾವ ಕೊಕ್ಕೆಯನ್ನು ತಿರುಗಿಸಿ ನೋಡಿದರು. "ಇದನ್ನ ಆ ಮೀನು ತಿಂತದಾ?"

"ಇಲ್ಲ. ಮೊಟ್ಟೆ ಇಡೋಕೆ ಸಮುದ್ರದಿಂದ ಹೊಳೆಗೆ ಹತ್ತಿದ ಮೇಲೆ ಅದು ಏನೂ ತಿನ್ನಲ್ಲ."

"ಮೊದಲ ಮಳೆಗೆ ಹೊಳೆಯಿಂದ ಮೇಲೆ ಹತ್ತಿ ಬರೋ ನಮ್ಮ ಹತ್ತುಮೀನಿನ ಥರ ಅನ್ನು. ಅದನ್ನ ಕಡಿಯೋಕಾದ್ರೆ ಒಂದು ಕತ್ತಿ ಸಾಕಿತ್ತು. ತಿನ್ನದ ಮೀನಿಗೆ ಇಷ್ಟೆಲ್ಲ ಅಲಂಕಾರ ಯಾಕೆ?"

"ಹಸಿವಿಲ್ಲದಿದ್ದರೂ ಕಂಡಿದ್ದಕ್ಕೆ ಬಾಯಿ ಹಾಕುತ್ತೆ ಭಾವ. ಕೆಲವರು ಸಿಟ್ಟಿಗೆ ಅಂತಾರೆ, ಕೆಲವರು ಹಳೇ ಅಭ್ಯಾಸ ಅಂತಾರೆ."

"ಎಂಥ ದಡ್ಡ ಮೀನು!" ಎಂದು ಭಾವ ಹೊಟ್ಟೆ ಸವರಿಕೊಂಡು, ಊಟ ಕತ್ತಿನವರೆಗೆ ಆಗಿದೆ ಎನ್ನುತ್ತಲೇ ಹಪ್ಪಳದ ತಟ್ಟೆಗೆ ಕೈ ಹಾಕಿದರು. ತುಪ್ಪಳದ ವಿಷಯ ನಾನು ಹೇಳಲಿಲ್ಲ.