ನಲವತ್ತು ಹೆಣ, ಪಂಚರು ಯಾರು?

ಇಬ್ಬರು ಬಿಗ್‌ಬಾಸ್ ಸ್ಪರ್ಧಿಗಳು ರೀಲ್ಸ್‌ನಲ್ಲಿ ಬೀಸಿದ ಮಚ್ಚು ಫೈಬರಿನದೋ ಕಬ್ಬಿಣದ್ದೋ ಅಂತ 2025ರ ಮಾರ್ಚ್‌ನಲ್ಲಿ ಬೆಂಗಳೂರು ಪೊಲೀಸರು ತಲೆ ಕೆಡಿಸಿಕೊಂಡಿದ್ದು ನೆನಪಿದೆಯಲ್ಲ. ಸಿನಿಮಾದವರ ಗಾಂಧಿನಗರದಲ್ಲಿ ಯಾರನ್ನು ಕೇಳಿದ್ದರೂ ಹೇಳುತ್ತಿದ್ದರು. ಬೀಸಲು ಫೈಬರ್ ಇಲ್ಲವೇ ರಬ್ಬರ್, ಕ್ಲೋಸಪ್‌ನಲ್ಲಿ ಮಿಂಚಲು ಅಲಗು ಮೊಂಡಾದ ಲೋಹ, ಬೆನ್ನಿಗೆ ನಾಟಿದಂತೆ ಕಾಣಲು ಅರ್ಧಕ್ಕೆ ಕತ್ತರಿಸಿ ಬೆಲ್ಟಿಗೆ ಬಿಗಿದದ್ದು. ಒಂದು ಕೊಲೆಗೆ ಮೂರು ಮಚ್ಚು!

ರಕ್ತಕ್ಕೂ ಪಾಕಶಾಸ್ತ್ರವಿದೆ. ಗ್ಲೂಕೋಸ್ ಸಿರಪ್ಪಿಗೆ ಬರೀ ಕೆಂಪು ಬಣ್ಣ ಹಾಕಿದರೆ ಜಾತ್ರೆಯ ಗುಲಾಬಿ ಶರಬತ್ತಾಗುತ್ತದೆ, ಅದಕ್ಕೇ ಚೂರು ಕೋಕೋ ಪುಡಿ. ಸಿಹಿಗೆ ಇರುವೆ ಮುತ್ತುತ್ತದೆ. ಹೆಣ ಮೈ ಕೆರೆದುಕೊಂಡರೆ ರೀಟೇಕ್, ಮತ್ತೆ ಹೊಸ ಶರ್ಟು. ಮೂಳೆ ಮುರಿದ ಸದ್ದು ಎಲೆಕೋಸಿನದು. ಇಷ್ಟು ಖರ್ಚಿನ ಸಾವು ತೆರೆಯ ಮೇಲೆ ಒಂದು ಸೆಕೆಂಡೂ ನಿಲ್ಲುವುದಿಲ್ಲ. ಬಿದ್ದವನ ಮುಖ ಕಂಡರೆ ಹೀರೋ ಮೇಲೆ ಪ್ರೇಕ್ಷಕನಿಗೆ ಅನುಮಾನ ಹುಟ್ಟೀತು, ಹಾಗಾಗಿ ದೇಹ ನೆಲ ಮುಟ್ಟುವ ಮೊದಲೇ ಕಟ್. ಸೆಕೆಂಡಿಗೆ 120 ಫ್ರೇಮ್ ಹಿಡಿದು 24ರಲ್ಲಿ ಓಡಿಸಿ, ಐದು ಪಟ್ಟು ನಿಧಾನವಾಗುವ ಭಾಗ್ಯ ಹೀರೋನ ಕ್ರಾಪಿಗೆ ಮಾತ್ರ. ಸತ್ತ ಫೈಟರೇ ಗಡ್ಡ ಅಂಟಿಸಿಕೊಂಡು ಬಂದು ಇನ್ನೊಮ್ಮೆ ಸಾಯುತ್ತಾನೆ. ಯಾರಾದರೂ ಗುರುತು ಹಿಡಿದರೆ ಎಡಿಟರ್‌ಗೆ ಮರ್ಯಾದೆ ಇಲ್ಲ.

ಆಮೇಲೆ ಹೀರೋ ಸಿಗರೇಟು ಹಚ್ಚುತ್ತಾನೆ, ಕೆಳಗೆ ಎಚ್ಚರಿಕೆ ಬರುತ್ತದೆ. ಕುದುರೆ ಓಡಿದರೆ ಪ್ರಾಣಿ ಕಲ್ಯಾಣ ಮಂಡಳಿಯ ಪತ್ರ ಬೇಕು. ಹಳೇ ಜೋಕು, ಬಿಡಿ.

ನನ್ನ ಚಿಂತೆ ಪಂಚನಾಮೆಯದು. ಕೊಲೆಯಾದವನ ಶವಪಂಚನಾಮೆಗೆ ನೆರೆಹೊರೆಯ ಇಬ್ಬರಾದರೂ ಗೌರವಸ್ಥರು ಸಾಕ್ಷಿಗಿರಬೇಕು, ಅವರೇ ಪಂಚರು. ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 174ನೇ ಕಲಂ, ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194. ಗಾಯ ಎಲ್ಲೆಲ್ಲಿ, ಯಾವ ಆಯುಧದ್ದು, ಎಲ್ಲ ಬರೆಯಬೇಕು. ಇಂಟರ್‌ವಲ್ ಫೈಟಿನಲ್ಲಿ ಉರುಳಿದ ನಲವತ್ತು ಜನಕ್ಕೆ ಆ ಪಾಳು ಗೋಡೌನಿನ ಬಳಿ ಗೌರವಸ್ಥರನ್ನು ಎಲ್ಲಿಂದ ತರೋಣ? ಪೀಣ್ಯದ ಕಡೆ ಯಾರೋ ಸಿಕ್ಕರು ಅನ್ನಿ, ಸಾಕ್ಷಿಗೆ ಕೋರ್ಟು ಅಲೆಯಬೇಕು ಅಂದ ಕೂಡಲೇ ಶಟರ್ ಎಳೆಯುತ್ತಾರೆ. ಎಳೆಯದಿದ್ದರೂ, ಮೂರನೇ ಹೆಣಕ್ಕೆ ಬರುವಷ್ಟರಲ್ಲಿ ಹೀರೋ ಸ್ವಿಟ್ಜರ್ಲೆಂಡಿನಲ್ಲಿ ಡ್ಯುಯೆಟ್ ಮುಗಿಸಿರುತ್ತಾನೆ. ಇನ್ನು ಮೃತರ ಹೆಸರು? ನಿರ್ದೇಶಕರಿಗೇ ಗೊತ್ತಿಲ್ಲ.

ತಮಾಷೆ ಸಾಕು. ಇದೇ ಊರಿನ ರಸ್ತೆಯಲ್ಲಿ ನಿಜಕ್ಕೂ ಒಬ್ಬನನ್ನು ಕೊಚ್ಚಿದ ಸಿಸಿಟಿವಿ ತುಣುಕು ಸಿಕ್ಕರೆ ಚಾನೆಲ್ಲುಗಳು ಕೆಂಪು ವೃತ್ತ ಎಳೆದು, ಸಂಗೀತ ಸೇರಿಸಿ, ದಿನವಿಡೀ ತಿರುಗಿಸುತ್ತವೆ. ಕೆಳಗೆ ನಾವು ಬರೆಯುತ್ತೇವೆ: ‘ಆ್ಯಂಗಲ್ ಸರಿಯಿಲ್ಲ’, ‘ಬಿಜಿಎಂ ಹಾಕ್ರೋ’. ಅಲ್ಲಿ ಕಟ್ ಇಲ್ಲ ಕಣ್ರೀ. ಆ ಮನುಷ್ಯ ಗಡ್ಡ ಅಂಟಿಸಿಕೊಂಡು ವಾಪಸ್ ಬರುವುದಿಲ್ಲ. ಮನೆಯವರು ಶವಾಗಾರದ ಮುಂದೆ ಪೋಸ್ಟ್‌ಮಾರ್ಟಂ ಮುಗಿಯಲೆಂದು ನಿಂತಿರುವಾಗ ಅವರ ಫೋನಿಗೂ ಅದೇ ತುಣುಕು ಬರುತ್ತದೆ. ಕಳಿಸಿದವರು ರೌಡಿಗಳೇನಲ್ಲ. ಬೆಳಿಗ್ಗೆ ಗುಲಾಬಿ ಹೂವಿನ ಚಿತ್ರದ ಜೊತೆ ಶುಭೋದಯ ಹೇಳುವ ನಮ್ಮ ಬಡಾವಣೆಯ ಹಿರಿಯರೇ.